ಗ್ಯಾಸ್ ಲೈಟಿನ ನೀಲಿ

೧೮ ಆಗಸ್ಟ್ ೧೯೫೮, ಸಂಜೆ

ಮೂರು ಗಂಟೆಗೆ ಬಾಗಿಲು ಹಾಕಿ ಗ್ಯಾಸ್ ಲೈಟಿಗೆ ಪಂಪು ಹೊಡೆದೆ. ಚಿತ್ರದ ಕ್ಲಾಸು ಶುರು. ನಾಲ್ಕೇ ಜನ. ಮಿಡ್ಲ್ ಸ್ಕೂಲು ಮೇಷ್ಟರ ಹೆಂಡತಿ ನಾಗರತ್ನಮ್ಮ, ಹೈಸ್ಕೂಲಿನ ಇಬ್ಬರು ಹುಡುಗಿಯರು, ಟ್ರಂಕು ಮಾಡುವ ಅಹಮದ್ ಷರೀಫರ ಮಗಳು ಶಾಹಜಾದಿ.

ಇವತ್ತಿನ ಪಾಠ ನಂದಿ. ನಾಗರತ್ನಮ್ಮ ತುಮಕೂರಿನಿಂದ ಬಿಳಿ ಬಣ್ಣದ ಟ್ಯೂಬು ತರಿಸಿದ್ದರು. ಕಿತ್ತುಕೊಂಡು ಅಂಗಳಕ್ಕೆ ಎಸೆದೆ. ಆಕೆಯ ಕಣ್ಣಲ್ಲಿ ನೀರು. ಬರಲಿ. ನೀರಿನ ಬಣ್ಣದಲ್ಲಿ ಬಿಳಿ ಅಂದರೆ ಕಾಗದ. ನಂದಿಯನ್ನು ಬರೆಯುವುದಲ್ಲ, ಬಿಡುವುದು. ಸುತ್ತ ಬಂಡೆಯ ನೆರಳು ಬರೆದರೆ ಬಸವಣ್ಣ ತಾನೇ ಎದ್ದು ಬಂದು ಮಲಗುತ್ತಾನೆ.

ನನ್ನ ಪಾಠ ಹೀಗೆ. ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷ್ ಪುಸ್ತಕದಲ್ಲಿ ಏನೇನು ಹೆಸರಿದೆಯೋ ಕಾಣೆ. ಮೂವತ್ತೊಂದು ವರ್ಷ ನಾಟಕ ಕಂಪನಿಗೆ ಪರದೆ ಬರೆದವನಿಗೆ ಗೊತ್ತಿರುವುದು ಪುರಾಣ. ವಾಶ್ ಅಂದರೆ ಗಂಗೆ ಇಳಿಯುವುದು — ಹಲಗೆ ಓರೆ ಮಾಡು, ಮೇಲಿಂದ ಬಣ್ಣದ ನೀರು ಬಿಡು, ನಡುವೆ ಕೈ ಅಡ್ಡ ಹಾಕಬೇಡ. ಒದ್ದೆ ಕಾಗದದ ಮೇಲೆ ಬಣ್ಣ ಹರಡುವುದು ಹಾಲಾಹಲ — ಎಲ್ಲಿ ತಡೆಯಬೇಕು ಅಂತ ಗೊತ್ತಿರಬೇಕು. ಬಣ್ಣದ ಮೇಲೆ ಬಣ್ಣ ದ್ರೌಪದಿಯ ಸೀರೆ — ಒಂದು ಒಣಗಿದ ಮೇಲೆ ಇನ್ನೊಂದು. ಮರೆತೇನೆಂದರೂ ಮರೆಯುವುದಿಲ್ಲ.

ಹೈಸ್ಕೂಲು ಹುಡುಗಿ ಒಬ್ಬಳು ಸೆಕೆ, ಕಿಟಕಿ ತೆಗೆಯಲೇ ಅಂದಳು. ಮೊಳೆ ಹೊಡೆದಿದ್ದೇನೆ, ತೆಗೆಯಲು ಬರುವುದಿಲ್ಲ ಅಂದೆ. ಬಿಸಿಲು ಗಂಟೆಗೊಂದು ಬಣ್ಣ ಹೇಳುತ್ತದೆ. ಗ್ಯಾಸ್ ಲೈಟು ಸುಳ್ಳು ಹೇಳುವುದಿಲ್ಲ.

೨೦ ಆಗಸ್ಟ್

ಗುರುಗಳ ಆಲ್ಬಮ್ ತೆಗೆದೆ. ಶಂಕರಲಿಂಗಪ್ಪನವರು ಮೈಸೂರಿನಲ್ಲಿ ಯಾವನೋ ದೊರೆಯ ಬಂಗಲೆ ಹರಾಜಿನಲ್ಲಿ ಹಿಡಿದದ್ದು. ಸಾಯುವ ಮುಂಚೆ ನನ್ನ ಕೈಗಿಟ್ಟರು. ಹನ್ನೊಂದು ಚಿತ್ರ ಉಳಿದಿವೆ. ಫ್ರಾನ್ಸ್ ದೇಶದ್ದು, ಇನ್ನೂರು ವರ್ಷ ಹಳೆಯದು. ಶೈಲಿಯ ಹೆಸರು ರೊಕೊಕೊ. ಹುಂಜ ಕೂಗಿದ ಹಾಗಿದೆಯಲ್ಲ ಮೇಷ್ಟ್ರೇ ಅಂದರು ನಾಗರತ್ನಮ್ಮ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಈಗ ಬರೆಯುವಾಗ ನಗು ಬರುತ್ತಿದೆ.

ಆ ಜನಕ್ಕೆ ನೇರ ಗೆರೆ ಕಂಡರೆ ಆಗುತ್ತಿರಲಿಲ್ಲ. ಚಿಪ್ಪು, ಬಳ್ಳಿ, ಮೋಡ, ಲಂಗದ ಅಂಚು — ಎಲ್ಲ ಸುರುಳಿ. ಯಾರಿಗೂ ಕೆಲಸವಿಲ್ಲ. ತೋಟದಲ್ಲಿ ಆಡಿಕೊಂಡಿರುತ್ತಾರೆ. ನಮ್ಮ ಕೈಲಾಸವೂ ಇನ್ನೇನು ಅನ್ನುತ್ತಿದ್ದರು ಗುರುಗಳು. ಸುರುಳಿ ಅವರದು, ಕಥೆ ನಮ್ಮದು. ಆಲ್ಬಮ್ಮಿನಲ್ಲಿ ಉಯ್ಯಾಲೆ ಆಡುವ ಹೆಂಗಸೊಬ್ಬಳಿದ್ದಾಳೆ. ಅಲ್ಲಿ ಪಾರ್ವತಿಯನ್ನು ಕೂರಿಸಿ, ಹಿಂದಿನಿಂದ ಶಿವ ತೂಗುವ ಹಾಗೆ ನಾನೇ ಒಂದು ದೊಡ್ಡ ಕಾಗದದ ಮೇಲೆ ಬರೆಯಲು ಶುರು ಮಾಡಿದ್ದೇನೆ. ನಡುಮನೆಯ ಗೋಡೆಗೆ. ಕ್ಲಾಸಿಗೂ ಅದೇ ಉಯ್ಯಾಲೆ ಕೊಟ್ಟೆ.

ಶಾಹಜಾದಿ ಬ್ರಶ್ ಎತ್ತದೆ ಒಂದೇ ಉಸಿರಿಗೆ ಸುರುಳಿ ಎಳೆದಳು. ಅಪ್ಪನ ಟ್ರಂಕುಗಳ ಮೇಲೆ ಆರು ವರ್ಷದವಳಿದ್ದಾಗಿನಿಂದ ಗುಲಾಬಿ ಬರೆದ ಕೈ. ಮುಖ ಮಾತ್ರ ಬರೆಯುವುದಿಲ್ಲ, ಮನೆಯಲ್ಲಿ ಒಪ್ಪುವುದಿಲ್ಲ ಅಂದಳು. ಹಾಗಾದರೆ ಪಾರ್ವತಿ ಎಲ್ಲಿ ಅಂದೆ. "ಈಗ ತಾನೇ ಇಳಿದು ಹೋದ್ಳು ಮೇಷ್ಟ್ರೇ. ಉಯ್ಯಾಲೆ ಇನ್ನೂ ಆಡ್ತಾ ಐತೆ ನೋಡಿ," ಅಂದಳು. ನೋಡಿದೆ. ಆಡುತ್ತಿತ್ತು.

೧ ಸೆಪ್ಟೆಂಬರ್

ಅಹಮದ್ ಷರೀಫ್ ಬಂದಿದ್ದರು. ಕಾಫಿ ಕುಡಿದು, ಸಕ್ಕರೆ ಕಮ್ಮಿ ಅಂತ ನನ್ನ ಹೆಂಡತಿ ದಾಕ್ಷಾಯಣಿಗೆ ನೇರ ಹೇಳಿದರು. ಮನುಷ್ಯ ನನಗೆ ಹಿಡಿಸುತ್ತಾನೆ.

ವಿಷಯ ಇದು. ನವೆಂಬರ್ ಕೊನೆಗೆ ತುಮಕೂರಿನಲ್ಲಿ ಡ್ರಾಯಿಂಗ್ ಪರೀಕ್ಷೆ. ಪಾಸಾದರೆ ಶಾಹಜಾದಿಗೆ ಇಲ್ಲಿಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ ಕೆಲಸ ಕೊಡುತ್ತಾರಂತೆ. ಅವಳಿಗೆ ಅದೇ ಹುಚ್ಚು. ಇವರಿಗೆ ಅರೆಮನಸ್ಸು.

"ಉಸ್ತಾದ್, ಒಂದೇ ಒಂದು ಸಲ ಕಳಿಸ್ತೀನಿ. ಫೇಲಾದ್ರೆ ಅಂಗಡೀಲಿ ಕೂತು ಟ್ರಂಕಿಗೆ ಹೂವು ಬರ್ಕೊಂಡಿರ್ಲಿ. ಆಮೇಲೆ ನೀವೂ ಕೇಳಬಾರ್ದು, ಅವಳೂ ಕೇಳಬಾರ್ದು."

ನನ್ನ ಶಿಷ್ಯೆ ಫೇಲಾಗುವುದು ಹೇಗೆ ಅಂದೆ. ಜೋರಾಗಿಯೇ ಅಂದೆ. ಒಳಗೆ ದಾಕ್ಷಾಯಣಿ ಪಾತ್ರೆ ಬೀಳಿಸಿದಳು.

೧೫ ಸೆಪ್ಟೆಂಬರ್

ಆಕಾಶದ ಪಾಠ. ಎಲ್ಲರದೂ ಸಪ್ಪೆ. ಶಾಹಜಾದಿಯದು ಎಲ್ಲರಿಗಿಂತ ಸಪ್ಪೆ, ತೊಳೆದ ಪಂಚೆಯ ಹಾಗೆ. ನೀಲಿ ಹಾಕು ಅಂದೆ. ಹಾಕಿದಳು. ಇನ್ನೂ ಅಂದೆ. ಇಷ್ಟು ಸಾಕಲ್ವಾ ಅಂತ ಮೆಲ್ಲಗೆ ಕೇಳಿದಳು. ಬ್ರಶ್ ಕಿತ್ತುಕೊಂಡು ನಾನೇ ಹಾಕಿದೆ. ಪರದೆ ಬರೆಯುವವರ ಮೊದಲನೇ ಪಾಠ ಅದು — ದೀಪ ನೀಲಿಯನ್ನು ತಿನ್ನುತ್ತದೆ, ಒಂದು ಬೇಕಾದಲ್ಲಿ ಎರಡು ಹಾಕು. ಕೆನ್ನೆಯ ಕೆಂಪಿಗೂ ಅದೇ. ಮೂವತ್ತೊಂದು ವರ್ಷ ಹೀಗೇ ಬರೆದೆ. ಪರದೆ ಮೇಲೆದ್ದರೆ ಸಾವಿರ ಜನ ಉಸಿರು ಬಿಗಿಹಿಡಿಯುತ್ತಿದ್ದರು. ಇವಳು ಸಾಕಲ್ವಾ ಅನ್ನುತ್ತಾಳೆ.

ಆಮೇಲೆ ಹೇಳಿದಂತೆ ಮಾಡಿದಳು. ಒಳ್ಳೆಯ ಹುಡುಗಿ.

೮ ಅಕ್ಟೋಬರ್

ಆಲ್ಬಮ್ಮಿಗೆ ಗೆದ್ದಲು. ರಟ್ಟಿನ ಮೂಲೆ ಹೋಗಿದೆ, ಚಿತ್ರಕ್ಕೆ ಇನ್ನೂ ತಗುಲಿಲ್ಲ. ಮರದ ಪೆಟ್ಟಿಗೆಯಲ್ಲಿ ಇಡಬೇಡಿ ಅಂತ ಹತ್ತು ವರ್ಷದಿಂದ ಹೇಳುತ್ತಿದ್ದೇನೆ ಅಂದಳು ದಾಕ್ಷಾಯಣಿ. ಹೇಳಿದ್ದಳು. ನಾಳೆ ಷರೀಫರ ಅಂಗಡಿಯಿಂದ ತಗಡಿನ ಟ್ರಂಕು ತರಬೇಕು.

೯ ಅಕ್ಟೋಬರ್

ಊಟ ಬಿಟ್ಟು ಬರೆಯುತ್ತಿದ್ದೇನೆ. ಸಿಟ್ಟಿಗೆ.

ಅಂಗಡಿಗೆ ಹೋದೆ. ಷರೀಫರು ಅಟ್ಟದ ಮೇಲಿಂದ ಚಿಕ್ಕದೊಂದು ಟ್ರಂಕು ಇಳಿಸಿ, ಇದರ ಅಳತೆ ಸರಿಯಾದರೆ ಹೊಸದು ಮಾಡಿಕೊಡುತ್ತೇನೆ, ಇದು ಮಗಳದು ಅಂದರು. ಮುಚ್ಚಳ ತೆಗೆದರೆ ಒಳಗೆ ಕಾಗದದ ಕಟ್ಟು. ನನ್ನ ಪಾಠಗಳು. ನಂದಿ, ಗಂಗೆ, ಉಯ್ಯಾಲೆ, ಆಕಾಶ. ಹಿಂದೆ ತಾರೀಕು. ನನ್ನ ಕ್ಲಾಸಿನದೇ ತಾರೀಕು. ಆದರೆ ನನ್ನ ಕ್ಲಾಸಿನಲ್ಲಿ ಬರೆದದ್ದಲ್ಲ. ಒಂದೊಂದನ್ನೂ ಎರಡನೇ ಸಲ ಬರೆದಿದ್ದಾಳೆ — ನೀಲಿ ಅರ್ಧ, ಕೆಂಪು ಕಾಲು ಭಾಗ. ನನ್ನ ಎದುರಿಗೆ ಒಂದು, ಬೆನ್ನ ಹಿಂದೆ ಇನ್ನೊಂದು.

ಅಂಗಡಿಯ ಮುಂದೆ ಬಿಸಿಲು ಚೆನ್ನಾಗಿತ್ತು. ಕಾಗದಗಳು ಕಣ್ಣಿಗೆ ತಂಪಾಗಿದ್ದವು. ಅದನ್ನೂ ಬರೆದಿಡುತ್ತೇನೆ, ಯಾಕೆಂದರೆ ಸಿಟ್ಟು ಬಂದದ್ದು ಅದಕ್ಕೇ.

೧೦ ಅಕ್ಟೋಬರ್

ಕ್ಲಾಸಿಗೆ ಬಂದಳು. ಬಾಗಿಲಲ್ಲೇ ನಿಲ್ಲಿಸಿದೆ. ಎರಡನೇ ಮೇಷ್ಟ್ರು ಯಾರು ಅಂತ ಕೇಳಿದೆ. ಟ್ರಂಕು ನೋಡಿದ ಸಂಗತಿ ಅಪ್ಪ ಹೇಳಿದ್ದರೆಂದು ಕಾಣುತ್ತದೆ, ತಬ್ಬಿಬ್ಬಾಗಲಿಲ್ಲ.

"ಬೇರೆ ಮೇಷ್ಟ್ರು ಯಾರೂ ಇಲ್ಲ ಮೇಷ್ಟ್ರೇ. ಪಾಠ ನಿಮ್ದೇ. ಕಿಟಕಿ ಮಾತ್ರ ನಮ್ದು."

ನನ್ನ ದೀಪ ಸರಿಯಿಲ್ಲವೋ ಅಂದೆ. ಮೊಳೆ ಹೊಡೆದ ಕಿಟಕಿಯ ಕಡೆ ನೋಡಿದಳು. ನಾಗರತ್ನಮ್ಮನ ಕಡೆ ತಿರುಗಿ, ನೀವೂ ಎರಡೆರಡು ಬರೆಯುತ್ತೀರಾ ಅಂದೆ. ಆಕೆ ನೆಲ ನೋಡಿ, ಇಲ್ಲ, ನಾನು ಮನೆಯಲ್ಲಿ ಚಿತ್ರ ಬಿಚ್ಚುವುದೇ ಇಲ್ಲ, ಮನೆಯವರು ನಗುತ್ತಾರೆ ಅಂದರು. ಯಾಕೆ ನಗುತ್ತಾರೆ ಅಂತ ಕೇಳಲಿಲ್ಲ. ಕೇಳುವಷ್ಟು ಧೈರ್ಯವಿರಲಿಲ್ಲ ಅಂತ ಇಲ್ಲಿ ಬರೆದರೆ ಯಾರು ನೋಡುತ್ತಾರೆ.

ಕಿಟಕಿ ಇರುವ ಕಡೆಗೇ ಹೋಗು ಅಂದೆ. ಶಾಹಜಾದಿ ಕೈಯಲ್ಲಿದ್ದ ಬ್ರಶ್ ಹೊಸ್ತಿಲ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೋದಳು. ಗಂಟೆಯ ಹೊತ್ತು ಪಾಠ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ.

೨೯ ಅಕ್ಟೋಬರ್

ಹತ್ತೊಂಬತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಮೂರು ಜನ ಬರುತ್ತಾರೆ. ಸುರುಳಿ ಎಳೆಯಿರಿ ಅಂದರೆ ಜಿಲೇಬಿ ಹಾಕುತ್ತಾರೆ. ಉಯ್ಯಾಲೆ ಪಾರ್ವತಿ ಮುಗಿಯಿತು. ರಾತ್ರಿ ದೀಪದಲ್ಲಿ ನೋಡಿದರೆ ಗಂಧರ್ವಲೋಕ. ಗೌಡಗೆರೆಯಿಂದ ಭಾವಮೈದುನ ಹಸಿ ಕಡಲೆಕಾಯಿ ಕಳಿಸಿದ್ದ. ಬೇಯಿಸಿ ಉಪ್ಪು ಹಾಕಿ ದಾಕ್ಷಾಯಣಿ ತಂದಿಟ್ಟಳು. ಆ ಹುಡುಗಿಗೂ ಇಷ್ಟ ಕಣ್ರೀ ಅಂದಳು. ತಟ್ಟೆ ದೂರ ಸರಿಸಿದೆ.

ಪರೀಕ್ಷೆಗೆ ಇನ್ನು ಒಂದು ತಿಂಗಳು.

೫ ನವೆಂಬರ್, ಬೆಳಿಗ್ಗೆ ೯

ಹಬ್ಬಕ್ಕೆ ಸುಣ್ಣ ಹೊಡೆಸಬೇಕೆಂದು ದಾಕ್ಷಾಯಣಿ ನಡುಮನೆಯ ಸಾಮಾನೆಲ್ಲ ಅಂಗಳಕ್ಕೆ ಸಾಗಿಸಿದಳು. ಉಯ್ಯಾಲೆ ಪಾರ್ವತಿಯನ್ನೂ. ಬಾವಿ ಕಟ್ಟೆಗೆ ಒರಗಿಸಿದ್ದಾಳೆ. ನಾನು ಹಲ್ಲುಜ್ಜುತ್ತಿದ್ದವನು ಹಾಗೇ ನಿಂತೆ.

ಶಿವನ ಮೈ ಶಾಯಿ ಬುಡ್ಡಿ ಬಿದ್ದ ಹಾಗೆ. ಪಾರ್ವತಿಯ ಕೆನ್ನೆ ಯಾರೋ ಹೊಡೆದ ಹಾಗೆ. ಆಕಾಶ ನೋಡಲಾಗದು.

ದಾಕ್ಷಾಯಣಿ ಪೊರಕೆ ಹಿಡಿದು ಬಂದು ಪಕ್ಕದಲ್ಲಿ ನಿಂತಳು.

"ವಿಸ ಇಳಿದಿದ್ದು ಶಿವನ ಕತ್ತಿಗಷ್ಟೇ ಅಲ್ವೇನ್ರೀ? ನೀವು ಮೈಗೆಲ್ಲ ಇಳಿಸ್ಬುಟ್ಟಿದ್ದೀರ. ಆ ಬಸವ ಏನು ಪಾಪ ಮಾಡ್ತು, ಅದೂ ನೀಲಿ."

ಮೊದಲೇ ಯಾಕೆ ಹೇಳಲಿಲ್ಲ ಅಂದೆ.

"ಹೇಳಿಸ್ಕಳೋ ಮೊಖ ಯಾವತ್ತು ಇಟ್ಕಂಡಿದ್ರಿ?"

ಗುರುಗಳ ಆಲ್ಬಮ್ ತಂದು ಪಕ್ಕದಲ್ಲಿ ತೆರೆದೆ. ಹಾಲಿನ ಲೋಟದ ಪಕ್ಕ ಮೆಣಸಿನಕಾಯಿ ಇಟ್ಟ ಹಾಗಾಯಿತು. ಇಪ್ಪತ್ತೆರಡು ವರ್ಷ ನನ್ನ ಹತ್ತಿರ ಇದೆ. ದೀಪದ ಕೆಳಗಲ್ಲದೆ ಒಂದು ದಿನ ತೆರೆದದ್ದಿಲ್ಲ.

ಅದೇ ದಿನ, ಸಂಜೆ

ಕ್ಲಾಸು ಬೇಡ ಅಂತ ಹೇಳಿ ಕಳಿಸಿದೆ. ಯೋಚನೆ ಮಾಡಿದೆ.

ನನ್ನ ಪರದೆಗಳನ್ನು ನಾನು ಬಿಸಿಲಿನಲ್ಲಿ ನೋಡಿಯೇ ಇಲ್ಲ. ಕೊಟ್ಟಿಗೆಯಲ್ಲಿ ದೀಪ ಹಚ್ಚಿಕೊಂಡು ಬರೆದೆ, ಆಟ ದೀಪದಲ್ಲಿ ನಡೆಯಿತು, ಹಗಲು ಸುತ್ತಿ ಗಾಡಿಗೆ ಹಾಕಿದರು. ಅಲ್ಲಿ ನೀಲಿ ಎರಡು ಹಾಕಿದ್ದು ಸರಿ. ಈಗಲೂ ಸರಿ ಅಂತಲೇ ಹೇಳುತ್ತೇನೆ. ಆದರೆ ಇವರು ಬರೆಯುವುದು ಪರದೆ ಅಲ್ಲ. ಮೊಣಕೈ ದೂರದಿಂದ ನೋಡುವ ಒಂದು ಅಡಿ ಕಾಗದ. ಪರೀಕ್ಷೆ ನಡೆಯುವುದು ಹಗಲು ಹತ್ತು ಗಂಟೆಗೆ, ಕಿಟಕಿ ಇರುವ ದೊಡ್ಡ ಕೋಣೆಯಲ್ಲಿ. ನಾನು ಹೇಳಿದ ಹಾಗೆ ಬರೆದಿದ್ದರೆ ಆ ಹುಡುಗಿಯ ಒಂದೇ ಒಂದು ಸಲವೂ ನೀಲಿಯಲ್ಲಿ ಮುಳುಗಿ ಹೋಗುತ್ತಿತ್ತು. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ನನ್ನ ಎದುರಿಗೆ ನಾನು ಹೇಳಿದ ಹಾಗೇ ಬರೆದಳು.

೬ ನವೆಂಬರ್

ಕಿಟಕಿಯ ಮೊಳೆ ಕಿತ್ತೆ. ಐದು ಮೊಳೆ. ನಾಲ್ಕನೆಯದು ಹೆಬ್ಬೆರಳು ಕೆರೆಯಿತು. ಕಿಟಕಿ ತೆರೆದರೆ ಆಚೆ ಬೇವಿನ ಮರ. ಇಷ್ಟು ದೊಡ್ಡದಾಗಿ ಬೆಳೆದಿರುವುದು ನನಗೆ ಗೊತ್ತೇ ಇರಲಿಲ್ಲ.

೭ ನವೆಂಬರ್

ಅಂಗಡಿಗೆ ಹೋದೆ. ಶಾಹಜಾದಿ ಮದುವೆ ಟ್ರಂಕೊಂದಕ್ಕೆ ಗುಲಾಬಿ ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ. ಷರೀಫರು ತಗಡು ಬಡಿಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು. ದಾರಿಯಲ್ಲಿ ಏನೇನೋ ಜೋಡಿಸಿಕೊಂಡು ಬಂದಿದ್ದೆ.

"ನಾಳೆಯಿಂದ ದಿನಾ ಬಾ," ಅಂದೆ. "ಕಿಟಕಿ ತೆಗ್ದಿದೀನಿ."

ಬ್ರಶ್ ಕೆಳಗಿಟ್ಟಳು. ನನ್ನ ಹೆಬ್ಬೆರಳ ಬಟ್ಟೆ ನೋಡಿದಳು. "ಮೊಳೆ ನೀವೇ ಕಿತ್ತ್ರಾ ಮೇಷ್ಟ್ರೇ?"

ಮತ್ತಿನ್ಯಾರು ಕೀಳುತ್ತಾರೆ ಅಂತ ಬೈದೆ. ನಕ್ಕಳು. ಷರೀಫರು ಮತ್ತೆ ಬಡಿಯಲು ಶುರು ಮಾಡಿದರು, ಮೊದಲಿಗಿಂತ ಜೋರಾಗಿ.

೧೭ ನವೆಂಬರ್

ನನಗೂ ಇದು ಹೊಸದು. ಕೈ ತಾನಾಗಿ ನೀಲಿ ಕಡೆ ಹೋಗುತ್ತದೆ. ಇವತ್ತು ಎರಡು ಸಲ ಹೋಯಿತು. ಶಾಹಜಾದಿ ಕೆಮ್ಮಿದಳು. ಮೊದಲ ಸಲ ನೆಗಡಿ ಅಂದುಕೊಂಡೆ.

ನಾಗರತ್ನಮ್ಮ ತನ್ನ ಹಳೆಯ ಚಿತ್ರಗಳನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ಬಿದ್ದು ಬಿದ್ದು ನಕ್ಕರು. ಅವರ ನಂದಿ ಎಮ್ಮೆಯಂತಿತ್ತು. ತಪ್ಪು ನನ್ನದು ಅಂದೆ. ಇಂಥ ಮಾತಿಗೆ ಇಷ್ಟು ಸದ್ದಡಗುತ್ತದೆ ಅಂತ ಗೊತ್ತಿದ್ದರೆ ಹೇಳುತ್ತಿರಲಿಲ್ಲ. ಬಿಸಿಲು ಹೋಗ್ತಾ ಇದೆ, ಬರೀರಿ ಅಂದೆ.

ಬಿಸಿಲು ಗಂಟೆಗೊಂದು ಬಣ್ಣ ಹೇಳುವುದು ನಿಜವೇ. ನಾಲ್ಕು ಗಂಟೆಗೆ ಬೇವಿನ ನೆರಳು ಕಾಗದದ ಮೇಲೆ ಬಂದು ಹಸಿರು ಮಾಡುತ್ತದೆ. ಅದನ್ನು ಕಾಯುವುದರಲ್ಲಿ ಒಂದು ಸುಖವಿದೆ. ಅರವತ್ತಮೂರು ವರ್ಷಕ್ಕೆ ಗೊತ್ತಾಯಿತು.

೨೮ ನವೆಂಬರ್

ನಾಳೆ ಪರೀಕ್ಷೆ. ಗುರುಗಳ ಅಳಿಲುಕೂದಲಿನ ಬ್ರಶ್ ಅವಳಿಗೆ ಕೊಟ್ಟೆ. ಕಣ್ಣಿಗೆ ಒತ್ತಿಕೊಂಡಳು. ಕೂದಲು ಉದುರುತ್ತೆ, ಒತ್ತಬೇಡ ಅಂದೆ.

೨೯ ನವೆಂಬರ್, ತುಮಕೂರಿನಿಂದ ಬಂದ ಮೇಲೆ

ಬೆಳಗಿನ ಬಸ್ಸಿಗೆ ಮೂವರೂ ಹೋದೆವು. ಪರೀಕ್ಷೆಯ ಕೋಣೆಯ ಹೊರಗೆ ಹುಣಸೆ ಮರದ ಕೆಳಗೆ ನಾನೂ ಷರೀಫರೂ ಮೂರು ಗಂಟೆ ಕೂತೆವು. ಅವರು ತಸ್ಬಿಯ ಜಪಮಣಿ ಎಣಿಸಿದರು. ನಾನು ಕಿಟಕಿ ಎಣಿಸಿದೆ. ಎಂಟು. ಬೆಳಕು ಒಳ್ಳೆಯದಿತ್ತು.

ಒಂದು ಗಂಟೆಗೆ ಹೊರಗೆ ಬಂದಳು. ಕೊನೆಯ ಪ್ರಶ್ನೆ, ಪುರಾಣದ ಯಾವುದಾದರೂ ಒಂದು ಸಂಗತಿ ನೀರಿನ ಬಣ್ಣದಲ್ಲಿ. ಗಂಗೆ ಇಳಿಯುವುದನ್ನು ಬರೆದಳಂತೆ. ಮುಖವಿಲ್ಲ, ಜಡೆ ಮಾತ್ರ. ಕಾಗದದ ತುಂಬ ಜಡೆ — ಆಲ್ಬಮ್ಮಿನ ಸುರುಳಿ ಒಂದೊಂದೂ ಜಡೆಯಾಗಿ, ಚಿಪ್ಪಿನ ಹಾಗೆ ಮಡಿಸಿ, ತೆಳು ಕಂದು, ತೆಳು ಗುಲಾಬಿ. ನಡುವೆ ಮೇಲಿಂದ ಕೆಳಗಿನವರೆಗೆ ನೀರು.

ನೀರಿಗೆ ಯಾವ ಬಣ್ಣ ಹಾಕಿದೆ ಅಂತ ಅವರಪ್ಪ ಕೇಳಿದರು.

"ಏನೂ ಹಾಕಿಲ್ಲ ಅಬ್ಬಾ. ಕಾಗದ ಬಿಟ್ಟಿದೀನಿ."

"ಖಾಲಿನಾ? ಎಷ್ಟು?"

"ಮೂರರಲ್ಲಿ ಒಂದು ಪಾಲು."

ಷರೀಫರು ಹುಣಸೆ ಮರಕ್ಕೆ ಒರಗಿದರು. ಬರುವ ಬಸ್ಸಿನ ತುಂಬ ಅದೇ ಮಾತು. ತಗಡಿನಲ್ಲಿ ಮೂರರಲ್ಲಿ ಒಂದು ಪಾಲು ಬಿಟ್ಟು ಟ್ರಂಕು ಮಾಡಿದರೆ ಯಾರು ಕೊಳ್ಳುತ್ತಾರೆ, ಪರೀಕ್ಷೆ ಮಾಡುವವರು ಸೋಮಾರಿ ಅಂತ ಸೊನ್ನೆ ಹಾಕುತ್ತಾರೆ. ನನಗೂ ಭಯ. ಬಿಡು ಅಂತ ಹೇಳಿಕೊಟ್ಟವನು ನಾನು. ಆದರೆ ಅಷ್ಟು ಬಿಡುವ ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ.

ಅವಳು ಕಿಟಕಿ ಪಕ್ಕ ಕೂತು ನಿದ್ದೆ ಹೋಗಿದ್ದಳು.

೧೬ ಫೆಬ್ರವರಿ ೧೯೫೯

ಎರಡೂವರೆ ತಿಂಗಳು. ಒಂದು ಸಾಲು ಬರೆಯಲು ಕೈ ಬರಲಿಲ್ಲ.

ಇವತ್ತು ಹನ್ನೊಂದು ಗಂಟೆಗೆ ಷರೀಫರು ಅಂಗಡಿ ಬಾಗಿಲು ಹಾಕಿಕೊಂಡು ಬಂದರು. ತಲೆಯ ಮೇಲೆ ಹೊಸ ಟ್ರಂಕು. ಇಳಿಸಿ, ಇದು ಆಲ್ಬಮ್ಮಿಗೆ ಅಂದರು. ಕೂತು ಕಾಫಿ ಕೇಳಿದರು. ಕುಡಿದರು. ನನಗೆ ತಡೆಯಲಾಗದೆ ಏನಾಯ್ತು ಹೇಳಿ ಅಂತ ಗದರಿದೆ.

"ಪಾಸು ಉಸ್ತಾದ್. ಸೆಕೆಂಡ್ ಕ್ಲಾಸು. ಆ ಖಾಲಿ ಬಿಟ್ಟಿದ್ಲಲ್ಲ, ಅದಕ್ಕೇ ಜಾಸ್ತಿ ಮಾರ್ಕು."

ಸಕ್ಕರೆ ಇವತ್ತು ಸರಿಯಿದೆ ಅಂತಲೂ ಅಂದರು. ಸರಿಯಿರಲಿಲ್ಲ. ದಾಕ್ಷಾಯಣಿ ಗಾಬರಿಯಲ್ಲಿ ಎರಡೆರಡು ಸಲ ಹಾಕಿದ್ದಳು, ಪಾಯಸದ ಹಾಗಿತ್ತು.

ಶಾಹಜಾದಿಗೆ ಜೂನಿನಿಂದ ಕೆಲಸ. ಟ್ರಂಕಿನ ಮುಚ್ಚಳದ ಮೇಲೆ ಒಂದು ಉಯ್ಯಾಲೆ ಬರೆದಿದ್ದಾಳೆ, ಸುತ್ತ ಸುರುಳಿ. ಯಾರೂ ಕೂತಿಲ್ಲ. ಆಡುತ್ತಿದೆ.

೨೨ ಮಾರ್ಚ್ ೧೯೫೯, ಸಂಜೆ ೫

ಗ್ಯಾಸ್ ಲೈಟನ್ನು ದಾಕ್ಷಾಯಣಿ ಅಡುಗೆಮನೆಗೆ ಒಯ್ದಳು. ಒಯ್ಯಲಿ.

ಉಯ್ಯಾಲೆ ಪಾರ್ವತಿಯನ್ನು ಹೊಸ ಕಾಗದದ ಮೇಲೆ ಮತ್ತೆ ಶುರು ಮಾಡಿದ್ದೇನೆ, ಕಿಟಕಿಯ ಪಕ್ಕ. ಬಸವಣ್ಣನನ್ನು ಬಿಟ್ಟೆ. ಮೋಡ ಬಿಟ್ಟೆ. ಪಾರ್ವತಿಯ ಸೆರಗಿನ ಅರ್ಧ ಬಿಟ್ಟೆ. ಆಕಾಶ ಬಾಕಿ. ಶಾಹಜಾದಿ ಜೂನಿನ ಪಾಠಕ್ಕೆ ಆಲ್ಬಮ್ ನೋಡಿಕೊಳ್ಳಲು ಬಂದಿದ್ದಾಳೆ. ನಾನು ತಟ್ಟೆಯಲ್ಲಿ ನೀಲಿ ಕಲಸಿದ್ದನ್ನು ನೋಡಿ ಕೆಮ್ಮಿದಳು. ನೀನು ಇನ್ನೂ ಮೇಡಂ ಆಗಿಲ್ಲ ಅಂದೆ. ನೀಲಿಗೆ ಇನ್ನೊಂದು ಲೋಟ ನೀರು ಸುರಿದೆ.

ಈಗ ಸರಿಯಾಗಿದೆ ಅನ್ನುತ್ತಿದ್ದಾಳೆ. ಹಲಗೆ ಓರೆ ಮಾಡಿದ್ದೇನೆ. ಬೇವಿನ ನೆರಳು ಕಾಗದದ ಅಂಚಿಗೆ ಬಂದಿದೆ, ಇನ್ನು ಹತ್ತು ನಿಮಿಷ ಬೆಳಕಿರಬಹುದು. ಇಲ್ಲಿ ಬರೆಯುತ್ತ ಕೂತರೆ ಅದೂ —